ಮೂವತ್ತೊಂದು ಮನೆಗಳ ಒಳದಾರಿ

ಎರಡುಹೊಳೆ ಪಟ್ಟಣ, ೩೦ ಫೆಬ್ರುವರಿ ೨೨೩೧. ಮಳೆಗಾಲಕ್ಕೆ ಮೊದಲು ನಮ್ಮ ಓಣಿಯ ಒಡೆದ ಗೋಡೆಗಳನ್ನು ಮುಚ್ಚಬೇಕೆಂದು ಪುರಸಭೆ ಆದೇಶಿಸಿದೆ.

ಇನ್ನೂರು ವರ್ಷ ಹಿಂದಿರುವ ನಿಮಗೆ ಈ ತಾರೀಖು ತಪ್ಪೆನಿಸಬಹುದು; ನಮ್ಮ ಫೆಬ್ರುವರಿಗೆ ಮೂವತ್ತು ದಿನ. ಕೆಲವು ಮಾತುಗಳೂ ಅಪರಿಚಿತವಾಗಿದ್ದರೆ ಕ್ಷಮಿಸಿ. ‘ಒಳದಾರಿ’ ಅಂಥದೊಂದು.

ಎಪ್ಪತ್ತು ವರ್ಷದ ಹಿಂದೆ ಈ ಪಟ್ಟಣಕ್ಕಾಗಿ ನಲವತ್ತೊಂದು ದಿನ ಯುದ್ಧ ನಡೆಯಿತು. ಇಲ್ಲಿಯ ಸೇತುವೆ ಮತ್ತು ಅದರ ತೂಬುಗಳು ಯಾರ ಕೈಯಲ್ಲಿದ್ದವೋ ಕೆಳನಾಡಿನ ನೀರು ಅವರದು. ಬೀದಿಗಿಳಿದವರು ಉಳಿಯುತ್ತಿರಲಿಲ್ಲ. ಹಾಗಾಗಿ ನಮ್ಮ ಸೈನಿಕರು ಮನೆಯಿಂದ ಮನೆಗೆ ಗೋಡೆ ಒಡೆಯುತ್ತ, ಮೂವತ್ತೊಂದು ಮನೆಗಳ ಒಳಗಿಂದಲೇ ಸೇತುವೆ ತಲುಪಿದರು. ಅದೇ ಒಳದಾರಿ. ಪಕ್ಕದ ಮನೆಯ ನೀಲಗಂಗವ್ವ ಆಗ ಇಪ್ಪತ್ತರ ಸೊಸೆ. ತನ್ನ ಒಲೆಯ ಪಕ್ಕದಿಂದ ನುಗ್ಗಿದ ಸೈನಿಕನನ್ನು ಆಕೆ ತಡೆದದ್ದು ಓಣಿಗೆಲ್ಲ ಗೊತ್ತು.

“ಏ ತಮ್ಮಾ, ಬೂಟು ಬಿಚ್ಚಿ ಬಾ. ಯುದ್ಧ ಹೊರಗ, ಇದು ಅಡಗಿ ಮನಿ.”

“ಬಿಚ್ಚೂದ್ರೊಳಗ ವೈರಿ ಬಂದಬಿಡ್ತಾನ ಯಕ್ಕಾ!”

“ಬರ್ಲೇಳು, ಅವಗೂ ಇದನ್ನ ಹೇಳ್ತೀನಿ.”

ಯುದ್ಧ ಮುಗಿದ ಮೇಲೆ ಯಾರೂ ಗೋಡೆ ಮುಚ್ಚಲಿಲ್ಲ. ನಾನು ಬೆಳೆದದ್ದು ಆ ಒಳದಾರಿಯಲ್ಲಿ. ಮೊದಲ ಮನೆಯಲ್ಲಿ ಹೋಳಿಗೆ ಬೇಯಿಸಿದರೆ ಪರಿಮಳ ಸೇತುವೆಯವರೆಗೆ ಹೋಗುತ್ತಿತ್ತು. ತಟ್ಟೆ ಮಾತ್ರ ಹತ್ತನೆಯ ಮನೆಗೇ ಖಾಲಿ. ಒಬ್ಬರ ಕೆಮ್ಮು ಎಲ್ಲರಿಗೂ ಕೇಳಿಸುತ್ತಿತ್ತು. ಜಗಳವಾಡಿದವರು ಒಬ್ಬರ ಅಡುಗೆಮನೆಯನ್ನೊಬ್ಬರು ದಾಟಲೇಬೇಕಿದ್ದರಿಂದ ಸಿಟ್ಟು ಎರಡು ದಿನಕ್ಕಿಂತ ಹೆಚ್ಚು ಬಾಳುತ್ತಿರಲಿಲ್ಲ.

ಈಗ ಗೋಡೆಗಳು ಬಿರುಕು ಬಿಟ್ಟಿವೆ. ಮುಚ್ಚದಿದ್ದರೆ ಮಳೆಗೆ ಕುಸಿಯುತ್ತವೆ ಎಂದು ಪುರಸಭೆಯ ಇಂಜಿನಿಯರು ಹೇಳುವುದು ಸರಿ. ನಾನೇ ಬೆರಳಿಟ್ಟು ನೋಡಿದ್ದೇನೆ. ಆದರೆ ತೊಂಬತ್ತರ ನೀಲಗಂಗವ್ವ ಒಂಟಿ. ದಿನವೂ ಬೆಳಗ್ಗೆ ಲೋಟ ಹಿಡಿದು ಗೋಡೆಯ ಮೂಲಕ ನಮ್ಮಲ್ಲಿಗೆ ಚಹಾಕ್ಕೆ ಬರುತ್ತಾಳೆ. ಬೀದಿಯ ಹನ್ನೊಂದು ಮೆಟ್ಟಿಲು ಇಳಿಯಲು ಅವಳ ಮೊಣಕಾಲು ಒಪ್ಪುವುದಿಲ್ಲ. ಗೋಡೆ ಎದ್ದರೆ ಆಕೆಗೆ ನಮ್ಮ ಮುಖ ಕಾಣುವುದಿಲ್ಲ. ಈ ಕಡೆಗೇ ಬಂದಿರು ಎಂದೆ.

“ಫಿರಂಗಿಗೆ ಬಿಟ್ಟಿಲ್ಲ ಈ ಮನಿ, ನಿಮ್ಮ ಸಿಮೆಂಟಿಗೆ ಬಿಡ್ಲೇನು?” ಎಂದು ನಕ್ಕಳು.

ಸೋಮವಾರ ಇಟ್ಟಿಗೆ ಬರುತ್ತದೆ. ಗೋಡೆಯ ಕೊನೆಯ ಸಾಲು ಏಳುವಾಗ ನಾನು ಆಕೆಯ ಕಡೆ ನಿಂತಿರುತ್ತೇನೆ, ನನ್ನ ಹಾಸಿಗೆ ಮತ್ತು ಎರಡು ಪೆಟ್ಟಿಗೆಗಳೊಂದಿಗೆ. ಅಣ್ಣನಿಗೆ, ಅತ್ತಿಗೆಗೆ ಇನ್ನೂ ಹೇಳಿಲ್ಲ. ನೀಲಗಂಗವ್ವನಿಗೂ ಹೇಳಿಲ್ಲ.