ಕಳೆದ ಸಾಮಾನಿನ ಕಿಟಕಿ

ಭಾನುವಾರ, ಚರ್ಚಿನಿಂದ ಬಂದ ಮೇಲೆ

ನನ್ನ ಮೆಣಸಿನಕಾಯಿಗೆ,

ನಿಮ್ಮಪ್ಪ ಇಟ್ಟ ಹೆಸರಿನಿಂದಲೇ ಕರೆದಿದ್ದೇನೆ, ಮೂಗು ಮುರಿಯಬೇಡ. ಕರ್ತನ ಸಮಾಧಾನ ನಿನ್ನ ಮನೆಯಲ್ಲಿರಲಿ. ಮಗು ಗೋಡೆ ಹಿಡಿದು ನಡೆಯುತ್ತಿದೆ ಎಂದು ಅಳಿಯಂದಿರು ಫೋನಿನಲ್ಲಿ ಹೇಳಿದರು. ನೀನು ಫೋನ್ ಎತ್ತುವುದಿಲ್ಲ, ಇರಲಿ. ಈ ಕಾಗದವನ್ನು ಹರಿಯುವ ಮೊದಲು ಒಂದು ಸಲ ಓದು, ಆಮೇಲೆ ನಿನ್ನಿಷ್ಟ.

ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದೆ. ಒಬ್ಬಳಿಗೆ ಎಷ್ಟು ಅಡುಗೆ ಮಾಡಬೇಕು ಎಂಬ ಅಳತೆ ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ಕೆಲಸಕ್ಕೆ ಹೋಗುವಾಗ ರೇಡಿಯೋ ಹಾಕಿಯೇ ಬೀಗ ಹಾಕುತ್ತೇನೆ. ಸಂಜೆ ಬಾಗಿಲು ತೆಗೆದಾಗ ಒಳಗೆ ಯಾರೋ ಮಾತಾಡುತ್ತಿರುತ್ತಾರೆ. ಕರೆಂಟು ದಂಡ ಅನ್ನುತ್ತೀಯ, ಗೊತ್ತು.

ಕೆಲಸ ಅದೇ, ಬಸ್ ನಿಲ್ದಾಣದ ಮೂಲೆಯಲ್ಲಿ ಕಳೆದ ಸಾಮಾನಿನ ಕಿಟಕಿ. ಅಲ್ಲಿಗೆ ನಗುನಗುತ್ತಾ ಬರುವವರು ಯಾರೂ ಇಲ್ಲ. ಬ್ಯಾಗು ಮರೆತವರು ಅವರು, ಬೈಗುಳ ನನಗೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ಆ ಕಿಟಕಿಯ ಕೊತ್ತಿ ನಾನು. ನನಗಿಂತ ಮೊದಲು ಅಲ್ಲಿದ್ದ ದೊಡ್ಡಕ್ಕ ಕೆಲಸ ಒಪ್ಪಿಸುವಾಗ ಕಲಿಸಿದ್ದರು: ಬಂದವರನ್ನು ಕೂರಿಸು, ನೀರು ಕೊಡು, "ಎಲ್ಲಿ ಬಿಟ್ರಿ?" ಎಂದು ಮಾತ್ರ ಕೇಳಬೇಡ. ಸಿಟ್ಟಿನಲ್ಲಿರುವವರ ಕಿವಿಗೆ ಅದು "ತಪ್ಪು ನಿಮ್ಮದೇ" ಎಂದು ಬೀಳುತ್ತದೆ. "ಹೇಗಿತ್ತು ಹೇಳಿ" ಅನ್ನು. ಕಳೆದದ್ದನ್ನು ವರ್ಣಿಸುತ್ತಾ ಹೋದಂತೆ ಎಂಥವರೂ ತಣ್ಣಗಾಗುತ್ತಾರೆ. ನಿಜವಾಗಿಯೂ ಆಗುತ್ತಾರೆ, ನೋಡಿದ್ದೇನೆ. ಮಲಗುವ ಮುಂಚೆ ಅವರಿಗಾಗಿ ಪ್ರಾರ್ಥನೆಯನ್ನೂ ಮಾಡುತ್ತೇನೆ. ಹೆಸರು ಗೊತ್ತಿರುವುದಿಲ್ಲ, ಅದಕ್ಕೆ ಸಾಮಾನಿನ ಹೆಸರು ಹೇಳುತ್ತೇನೆ. ಕರ್ತನೇ, ನೀಲಿ ಸೂಟ್‌ಕೇಸಿನವರಿಗೆ ನೆಮ್ಮದಿ ಕೊಡು, ಊಟದ ಡಬ್ಬಿಯವರ ನಾಲಿಗೆ ಕೊಂಚ ಮೆತ್ತಗೆ ಮಾಡು. ವಿಳಾಸ ಅವನಿಗೆ ಗೊತ್ತಿರುತ್ತದೆ.

ಬೈಯುವವರನ್ನು ಹರಸಿರಿ ಎಂದು ಪಾಸ್ಟರ್ ಬೋಧಿಸುವಾಗ ನಾನು ಒಳಗೊಳಗೇ ಬೀಗುತ್ತಿದ್ದೆ. ಬೇರೆಯವರು ಭಾನುವಾರ ಕೇಳಿ ಮರೆಯುವುದನ್ನು ನಾನು ದಿನವೂ ಮಾಡುತ್ತೇನಲ್ಲ!

ನಿನ್ನ ಮುಂದೆ ಆ ವಿದ್ಯೆ ಕೈಕೊಟ್ಟಿತು. ಅಪ್ಪ ಕಣ್ಣು ಮುಚ್ಚಿದಾಗ ನೀನು ಹೆರಿಗೆ ವಾರ್ಡಿನಲ್ಲಿದ್ದೆ. ನಿನಗೆ ಹೇಳಬೇಡಿ ಎಂದವಳು ನಾನೇ. ಮಣ್ಣು ಕೊಟ್ಟ ಮೇಲೆ ತಿಳಿಸಿದೆವು. ನೀನು ಹಸುಗೂಸನ್ನು ಎತ್ತಿಕೊಂಡು ಬಂದು ಬಾಗಿಲಲ್ಲೇ ನಿಂತು ಕೂಗಿದೆ. ನಾನು ನಿನ್ನನ್ನು ಕೂರಿಸಿದೆ, ನೀರು ಕೊಟ್ಟೆ, ಮೆಲ್ಲಗೆ "ಏನಾಯ್ತು ಹೇಳು" ಅಂದೆ. ನೀನು ಲೋಟ ಎಸೆದು, "ನಾನು ನಿನ್ನ ಕಿಟಕಿಗೆ ಬಂದ ಗಿರಾಕಿ ಅಲ್ಲಮ್ಮಾ!" ಎಂದು ಹೊರಟುಹೋದೆ. ಇಷ್ಟು ಮೆತ್ತಗೆ ಮಾತಾಡಿದರೂ ಇವಳಿಗೇಕೆ ಈ ಪರಿ ಸಿಟ್ಟು ಎಂದುಕೊಂಡೆ. ಅದು ಅರ್ಥವಾದದ್ದು ಮೊನ್ನೆ, ಒಬ್ಬ ಸಿಡುಕಿನ ಮುದುಕರಿಂದ.

ಅವರನ್ನು ನಾವೆಲ್ಲ ಕೊಡೆ ಯಜಮಾನರು ಅನ್ನುತ್ತೇವೆ. ಬಸ್ಸಿನಲ್ಲಿ ಕೊಡೆ ಬಿಟ್ಟವರು ಪ್ರತಿ ಸೋಮವಾರ ಬರತೊಡಗಿದರು. "ನೀವೇ ನುಂಗಿದ್ದೀರಿ! ಈ ಕಿಟಕಿಯೊಳಗೆ ಹೋಗಿದ್ದು ಹೊರಗೆ ಬಂದಿದ್ದುಂಟಾ?" ಎಂದು ಇಡೀ ನಿಲ್ದಾಣಕ್ಕೆ ಕೇಳುವಂತೆ ಕೂಗುವರು. ನನ್ನದು ಅದೇ ಕುರ್ಚಿ, ಅದೇ ನೀರು, ಅದೇ "ಹೇಗಿತ್ತು ಹೇಳಿ". ಕಪ್ಪು ಬಟ್ಟೆ, ಬಾಗಿದ ಹಿಡಿ, ಒಂದು ಕಡ್ಡಿ ಸೊಟ್ಟ. ಅದನ್ನು ಕೊಂಡ ದಿನ ದುಬಾರಿಯಾಯಿತೆಂದು ಹೆಂಡತಿ ಜಗಳ ತೆಗೆದದ್ದು, ಆ ಹೆಂಡತಿ ಈಗಿಲ್ಲದ್ದು. ಅಷ್ಟು ಹೊತ್ತಿಗೆ ದನಿ ಇಳಿದಿರುತ್ತಿತ್ತು. ಎದ್ದು ಹೋಗುವಾಗ ಮಾತ್ರ "ಮುಂದಿನ ವಾರ ಬರ್ತೀನಿ, ಹುಡುಕಿಡಿ!" ಎಂದು ಗದರುವರು.

ಒಂದು ಸೋಮವಾರ ಅಂಥದೇ ಒಂದು ಕೊಡೆ ಅವರ ಕೈಗಿಟ್ಟು, ಸಿಕ್ಕಿತು ಯಜಮಾನರೇ ಎಂದೆ. ಅವರು ಅದನ್ನು ತಿರುಗಿಸಿ ನೋಡಿದರು, ನನ್ನನ್ನು ನೋಡಿದರು, ಅದನ್ನು ಕಂಕುಳಲ್ಲಿ ಇರುಕಿಕೊಂಡು ಹೋದರು. ಪೀಡೆ ಕಳೆಯಿತು ಎಂದು ಆಫೀಸಿನವರೆಲ್ಲ ನಕ್ಕರು, ನಾನೂ ನಕ್ಕೆ.

ಮುಂದಿನ ಸೋಮವಾರ ಅವರು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಕುರ್ಚಿ ಒರೆಸಿಟ್ಟು ಆಗಾಗ ನಿಲ್ದಾಣದ ಬಾಗಿಲ ಕಡೆ ನೋಡುತ್ತಿದ್ದೆ. ನಗಬೇಡ, ನನಗೆ ತುಂಬಾ ಬೇಜಾರಾಯಿತು. ಬೈಯುವುದಕ್ಕಾದರೂ ಸರಿ, ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದವರು ಈ ಲೋಕದಲ್ಲಿ ಅವರೊಬ್ಬರೇ ಆಗಿದ್ದರು.

ಮೊನ್ನೆ ಶುಕ್ರವಾರ ಬಂದರು. ಕೊಡೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, "ಇದು ನನ್ನದಲ್ಲ. ಅದು ನಿಮಗೂ ಗೊತ್ತಿತ್ತು. ನನ್ನನ್ನ ಸಾಗಹಾಕೋಕೆ ಕೊಟ್ರಿ" ಅಂದರು. ನನ್ನ ಬಾಯಿ ಅಭ್ಯಾಸಬಲದಿಂದ ಕೂತುಕೊಳ್ಳಿ, ನೀರು ಕುಡಿಯಿರಿ ಅಂದಿತು. "ನಿಮ್ಮ ನೀರು ನಿಮಗೇ ಇರಲಿ! ನಾನು ಇಷ್ಟು ದಿನ ಬೈದ್ನಲ್ಲ, ತಿರುಗಿ ಒಂದು ಮಾತು ಅನ್ನೋಕೂ ನಾನು ಲಾಯಕ್ಕಿಲ್ವಾ?"

ಅದೆಲ್ಲಿತ್ತೋ ಅಷ್ಟು ಸಿಟ್ಟು. ನಾನು ಕಿರುಚಿದೆ ಕಣೇ! ನಿಮಗೊಬ್ಬರಿಗೇನಾ ಕಳೆದಿರೋದು, ನನಗೇನೂ ಕಳೆದಿಲ್ವಾ ಎಂದು ಕಿರುಚಿ, ಸಾಲಿನಲ್ಲಿ ನಿಂತವರ ಎದುರಿಗೇ ಅತ್ತೆ. ಅಪ್ಪ ಹೋದಾಗ ಬಾರದ ಅಳು ಅದು. ಆಗ ಬಂದವರಿಗೆಲ್ಲ ನೀರು ಕೊಡುತ್ತಾ ಓಡಾಡಿದ್ದೆನಲ್ಲ.

ಯಜಮಾನರು ಹೋಗಲಿಲ್ಲ. ಹೊರಗಿನವರು ಬರಬಾರದ ಪಕ್ಕದ ಬಾಗಿಲಿನಿಂದ ಒಳಗೆ ಬಂದರು, ತಾವು ಕೂರುತ್ತಿದ್ದ ಕುರ್ಚಿಯನ್ನು ಎಳೆದುತಂದು ನನ್ನ ಕಡೆ ತಳ್ಳಿದರು, ನನ್ನ ಹೂಜಿಯಿಂದಲೇ ನೀರು ಬಗ್ಗಿಸಿ ಕೊಟ್ಟರು. "ಹೇಗಿತ್ತು ಹೇಳಿ" ಅಂದರು.

ಹೇಳಿದೆ. ಎಡಚಿ ಮಗಳು. ಗದ್ದದ ಮೇಲೆ ಮಚ್ಚೆ. ನಗುವಾಗ ಕಣ್ಣುಗಳು ಮುಚ್ಚಿಹೋಗುತ್ತವೆ. ಬಾಗಿಲು ಬಡಿದರೆ ಅಡುಗೆಮನೆಯಲ್ಲಿ ಪಾತ್ರೆ ಉರುಳಬೇಕು. ಎತ್ತಿಕೊಂಡ ಮಗುವಿಗೂ ಅದೇ ಗದ್ದ. ಅವರು ಎಲ್ಲ ಕೇಳಿಸಿಕೊಂಡು, ಕೇಳಬಾರದ ಪ್ರಶ್ನೆಯನ್ನು ಕೇಳಿಯೇ ಬಿಟ್ಟರು: "ಎಲ್ಲಿ ಬಿಟ್ರಿ?"

ನನ್ನ ಮನೆ ಬಾಗಿಲಲ್ಲೇ ಅಂದೆ. ಕುರ್ಚಿಯಲ್ಲಿ ಕೂರಿಸಿ, ಕೈಗೆ ನೀರಿನ ಲೋಟ ಕೊಟ್ಟು, ಅಲ್ಲೇ ಬಿಟ್ಟೆ.

ಇವತ್ತು ಚರ್ಚಿನಲ್ಲಿ ಮೊದಲ ಸಲ ಸಾಮಾನಿನ ಹೆಸರಿಲ್ಲದೆ, ನಿನ್ನ ಹೆಸರು ಹಿಡಿದು ಪ್ರಾರ್ಥಿಸಿದೆ. ಅವಳ ಸಿಟ್ಟು ತೆಗೆದುಬಿಡು ಎಂದು ಕರ್ತನನ್ನು ಕೇಳಲಿಲ್ಲ. ಅದು ನಿನ್ನ ಅಪ್ಪನ ಮೇಲಿನ ಪ್ರೀತಿ, ನಾನು ಯಾರು ಅದನ್ನು ತಣಿಸುವುದಕ್ಕೆ? ಅದನ್ನು ಎದುರಿಗೆ ನಿಂತು ಕೇಳುವ ಶಕ್ತಿ ನನಗೆ ಕೊಡು ಎಂದೆ.

ಬಾ ಮಗಳೇ. ಬಂದು ಕೂಗು. ಈ ಸಲ ನೀರು ಕೊಡುವುದಿಲ್ಲ. ನಾನೂ ಕೂಗುತ್ತೇನೆ, ಇಬ್ಬರೂ ಅಪ್ಪನಿಗಾಗಿ ಅಳೋಣ. ಮಗುವನ್ನೂ ಕರೆದುಕೊಂಡು ಬಾ, ಹಿಡಿದು ನಡೆಯುವುದಕ್ಕೆ ಈ ಮನೆಯಲ್ಲೂ ಗೋಡೆಗಳಿವೆ.

ದಾರಿ ನೋಡುತ್ತಿರುವ,
ನಿನ್ನ ಅಮ್ಮ

ಮರೆತಿದ್ದೆ: ನಾನು ಯಜಮಾನರಿಗೆ ಕೊಟ್ಟ ಕೊಡೆ ನಿಲ್ದಾಣದ್ದಲ್ಲ. ಪರರ ಸಾಮಾನು ಎತ್ತಿ ಕೊಡುವವಳಲ್ಲ ನಾನು. ಅದು ಅಪ್ಪನದು. ದಿನಾ ಅದನ್ನು ನೋಡಲಾರದೆ ಕೊಟ್ಟೆ, ಇದನ್ನೂ ನಿನಗೆ ಹೇಳದೆಯೇ. ಅದರ ಹಿಡಿಗೆ ನೀನು ಎರಡನೇ ಕ್ಲಾಸಿನಲ್ಲಿದ್ದಾಗ ಕೆಂಪು ದಾರ ಸುತ್ತಿದ್ದೆಯಲ್ಲ, ಯಜಮಾನರು ಹೊರಡುವಾಗ ಅದನ್ನು ತೋರಿಸಿ, "ಇದು ಯಾವುದೋ ಮಗು ಸುತ್ತಿದ್ದು. ಕೇಳ್ಕೊಂಡು ಬಂದೇ ಬರ್ತಾರೆ, ಇಟ್ಟಿರಿ" ಅಂದರು. ಮನೆಗೆ ತಂದು ಬಾಗಿಲ ಹಿಂದೆ, ಹಳೆಯ ಮೊಳೆಗೇ ತೂಗುಹಾಕಿದ್ದೇನೆ.