ಪೆನ್ಸಿಲ್ ಡಬ್ಬಿಯಲ್ಲಿ ಎಂಟು ಮಾತ್ರೆ

ಮನೆಯಿಂದ,
ಭಾನುವಾರ, ಬೆಳಗಿನ ಒಂಬತ್ತೂವರೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕಾಲು ಹೇಗಿದೆ? ಮೆಟ್ಟಿಲು ಹತ್ತುವಾಗ ಈಗಲೂ ಎಡಗಾಲನ್ನು ಮೊದಲು ಇಟ್ಟು, ಬಲಗಾಲನ್ನು ಬೈದುಕೊಂಡು ಎಳೆಯುತ್ತೀಯಾ? ಭಾವನವರ ಕೆಮ್ಮು ಕಡಿಮೆಯಾಯಿತೇ? ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ. ಇದು ಬರಿಯ ವಾಡಿಕೆಗೆ ಬರೆದದ್ದಲ್ಲ. ಎರಡು ಸಲ ಓದಿ ನೋಡಿ ಹಾಗೇ ಉಳಿಸಿದ್ದೇನೆ.

ಬೆಳಿಗ್ಗೆ ಕಿಟಕಿಯಲ್ಲಿ ನಿಂತಿದ್ದೆ. ಅಮ್ಮ ಒಂದು ಲೋಟ ನೀರಿಗೆ ತಟ್ಟೆ ಮುಚ್ಚಿಕೊಂಡು, ಚಪ್ಪಲಿ ಮೆಟ್ಟಿ, ಪಕ್ಕದ ಮನೆಯ ಟೈಲರ್ ಆಂಟಿಯ ಬಾಗಿಲಿಗೆ ಹೋದಳು. ಐದು ನಿಮಿಷಕ್ಕೆ ಖಾಲಿ ಲೋಟ ಹಿಡಿದು ಬಂದಳು. ಕೇಳಿದರೆ ‘ದಿಂಬಿನ ಕವರ್ ಹೊಲಿದಾಯ್ತಾ ಅಂತ ಕೇಳೋಕೆ ಹೋಗಿದ್ದೆ’ ಅನ್ನುತ್ತಾಳೆ. ನಮ್ಮ ಮನೆಯಲ್ಲಿರುವುದು ಮೂರೇ ದಿಂಬು. ಮೂರೂವರೆ ವರ್ಷದಿಂದ ದಿನಾ ಬೆಳಿಗ್ಗೆ ಅವುಗಳ ಕವರ್ ಹೊಲಿಗೆಯಲ್ಲೇ ಇದೆ. ನಾನು ಆಸ್ಪತ್ರೆಯಿಂದ ಬಂದ ದಿನದಿಂದ ಈ ಮನೆಯೊಳಗೆ ಒಂದೇ ಒಂದು ಮಾತ್ರೆಯಿಲ್ಲ. ಅಮ್ಮನ ಬಿಪಿ ಮಾತ್ರೆ ಇರುವುದು ಆಂಟಿಯ ಕಪಾಟಿನಲ್ಲಿ. ತಲೆ ಸಿಡಿದರೂ ಅಲ್ಲಿಗೇ ಹೋಗಿ ನುಂಗಿ ಬರುತ್ತಾಳೆ. ನನಗೆ ಗೊತ್ತಿಲ್ಲವೆಂದು ಅವಳು, ಗೊತ್ತಿದೆಯೆಂದು ಅವಳಿಗೆ ತಿಳಿಯಬಾರದೆಂದು ನಾನು.

ನಿನ್ನ ಕಾಗದ ಸೋಮವಾರ ಬಂತು. ಕಾಲಿನೊಳಗಿನ ರಾಡು ತೆಗೆಸಲು ಇಲ್ಲಿಯ ಹಳೆಯ ಡಾಕ್ಟರ ಹತ್ತಿರವೇ ಬರುತ್ತೀಯೆಂದು ಓದಿ ಅಮ್ಮನಿಗೆ ಕೂಗಿ ಹೇಳಿದೆ. ಎಂದೂ ದನಿ ಎತ್ತದ ನಾನು ಕೂಗಿದ್ದು ಕೇಳಿ ಅಮ್ಮ ಹೆದರಿದಳು. ಆಮೇಲೆ ಕೊನೆಯ ಸಾಲು ಓದಿದೆ: ‘ಆಪರೇಷನ್ ಆದ್ಮೇಲೆ ಹತ್ತು ದಿನ ನೋವಿನ ಮಾತ್ರೆ ಇರುತ್ತೆ ಕಣೇ, ನಾನು ಲಾಡ್ಜಲ್ಲಿ ಇಳ್ಕೊಳ್ಳಲಾ?’ ನೀನು ಚುಚ್ಚುವುದಕ್ಕೆ ಬರೆದದ್ದಲ್ಲ, ನಿಜವಾಗಿ ಗೊತ್ತಾಗದೆ ಕೇಳಿದ್ದೀಯ. ಅದೇ ಹೆಚ್ಚು ನಾಟಿತು. ರಾಡು ಹಾಕಿಸಿಕೊಂಡು ನೀನು ಮಲಗಿದ್ದಾಗ ‘ಡಾಕ್ಟರು ಇನ್ಮೇಲೆ ದಿನಕ್ಕೆ ಒಂದೇ ಅಂದಿದ್ದಾರೆ ಅಕ್ಕಾ’ ಎಂದು ಹೇಳಿದವಳು ನಾನು. ಉಳಿದ ಎರಡನ್ನು ದಿನವೂ ನಾನೇ ನುಂಗಿದೆ. ಹನ್ನೊಂದು ದಿನ ನೀನು ಹಲ್ಲು ಕಚ್ಚಿಕೊಂಡು ಗೋಡೆ ನೋಡುತ್ತಿದ್ದೆ. ಹಾಸಿಗೆ ಸರಿಮಾಡಲು ಬಂದ ನನಗೆ ‘ನೀನಿಲ್ದಿದ್ರೆ ಏನ್ಮಾಡ್ತಿದ್ನೋ’ ಎಂದೆ. ಅದಕ್ಕೇ ಸೋಮವಾರದಿಂದ ಉತ್ತರ ಬರೆಯಲಾಗಲಿಲ್ಲ. ‘ಮನೆಗೇ ಬಾ’ ಎನ್ನಲು ನನ್ನ ಮೇಲೆ ನನಗೇ ಧೈರ್ಯ ಸಾಲದು. ‘ಲಾಡ್ಜಿಗೇ ಹೋಗು’ ಎನ್ನಲು ಮುಖವಿಲ್ಲ.

ಅಷ್ಟರಲ್ಲಿ ಬುಧವಾರ ಬಂತು. ಅವತ್ತು ಮಧ್ಯಾಹ್ನ ನನ್ನಿಂದ ಒಂದೇ ಒಂದು ರಿಂಗು ಬಂದು ನಿಂತಿತಲ್ಲ, ‘ಕೈತಪ್ಪಿ ಒತ್ತಿದೆ’ ಎಂದು ಸಂಜೆ ಸುಳ್ಳು ಹೇಳಿದೆ. ಈಗ ನಿಜ ಹೇಳುತ್ತೇನೆ.

ಪ್ರೆಸ್ಸಿನಲ್ಲಿ ನಮ್ಮ ಮೇಜಿಗೆ ಇಬ್ಬರು ಎಂದು ಹಿಂದೆ ಬರೆದಿದ್ದೆ. ಮೇಷ್ಟ್ರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಾರೆ, ನಾನು ಅಚ್ಚಾದ ಹಾಳೆಯ ಮೇಲೆ ಪೆನ್ಸಿಲ್ ಓಡಿಸುತ್ತಾ ತಪ್ಪು ಹಿಡಿಯುತ್ತೇನೆ. ಶಾಲೆಯಿಂದ ರಿಟೈರಾಗಿ ಹತ್ತು ವರ್ಷವಾದರೂ ಅವರ ದನಿ ಹಿಂದಿನ ಬೆಂಚಿಗೆ ಕೇಳಿಸುವ ಹಾಗೇ ಇದೆ. ಚಿಹ್ನೆಗಳನ್ನೂ ಬಿಡುವುದಿಲ್ಲ. ‘ರಾಣಿಹುಳು ಹೊರಟರೆ ಕಾಮಾ ಅದರ ಹಿಂದೆಯೇ ಅರ್ಧ ಗೂಡು ಹೊರಡುತ್ತದೆ ಫುಲ್‌ಸ್ಟಾಪ್.’ ಈ ತಿಂಗಳು ಜೇನು ಸಾಕಣೆಯ ಪುಸ್ತಕ. ಓದಿ ಓದಿ ಅವರ ಗಂಟಲು ಕಟ್ಟಿತ್ತು. ಬುಧವಾರ ಊಟವಾದ ಮೇಲೆ ಜೇಬಿನಿಂದ ಚೀಪುವ ಮಾತ್ರೆಗಳ ಪಟ್ಟಿಯೊಂದನ್ನು ತೆಗೆದು ನನ್ನ ಕಿವಿಯ ಪಕ್ಕದಲ್ಲೇ ಒಂದನ್ನು ಒತ್ತಿದರು. ಟಪ್.

ಅಷ್ಟೇ ಅಕ್ಕಾ. ಪುದೀನದ ವಾಸನೆಯ, ಮಕ್ಕಳೂ ಚೀಪುವ ಮಾತ್ರೆ. ಹಳೆಯ ಗೆಳತಿಯರು ಎದುರಾದರೆ ರಸ್ತೆ ದಾಟುತ್ತೇನೆ, ಮೊದಲು ಮಾತ್ರೆ ಸಿಗುತ್ತಿದ್ದ ಬೀದಿಗೆ ಕಾಲಿಡುವುದಿಲ್ಲ, ಔಷಧಿ ಅಂಗಡಿಯ ಮುಂದೆ ಬಸ್ಸು ನಿಂತರೆ ಪುಸ್ತಕದಲ್ಲಿ ಮುಖ ಹುದುಗಿಸುತ್ತೇನೆ. ಮೇಷ್ಟ್ರ ಗಂಟಲಿಗೆ ಮಾತ್ರ ನಾನು ಸಿದ್ಧಳಾಗಿರಲಿಲ್ಲ. ಬಾಯಲ್ಲಿ ನೀರೂರಿತು, ಅಂಗೈ ಬೆವರಿತು, ಹೆಬ್ಬೆರಳು ತಾನಾಗಿಯೇ ಗಾಳಿಯಲ್ಲಿ ಏನನ್ನೋ ಒತ್ತಿತು. ಹೆದರಿಕೆಯಾದದ್ದು ಅದಕ್ಕಲ್ಲ. ಮೂಲೆಯ ಔಷಧಿ ಅಂಗಡಿಯವನಿಗೆ ಹೇಳಬೇಕಾದ ಸುಳ್ಳು ಒಂದೂ ತಿದ್ದುಪಡಿ ಬೇಡದ ಹಾಗೆ ತಲೆಯಲ್ಲಿ ಬಂದು ಕೂತಿತ್ತು. ಅದರಲ್ಲಿ ನಿನ್ನ ಕಾಲೂ ಇತ್ತು.

ಎದ್ದು ಕಾಗದದ ಕೋಣೆಗೆ ಹೋಗಿ ರೀಮುಗಳ ನಡುವೆ ಕೂತೆ. ಇಂಥದ್ದು ಅಲೆಯ ಹಾಗೆ ಏರುತ್ತದೆ, ಇಪ್ಪತ್ತು ನಿಮಿಷ ಹಿಡಿದುಕೊಂಡರೆ ಇಳಿಯುತ್ತದೆ, ಅಷ್ಟರಲ್ಲಿ ಯಾರ ಹತ್ತಿರವಾದರೂ ಮಾತಾಡು ಎಂದು ಆಸ್ಪತ್ರೆಯ ಕೌನ್ಸೆಲರ್ ಮೇಡಂ ಹೇಳಿದ್ದರು. ನಿನಗೆ ಫೋನ್ ಮಾಡಿದೆ. ರಿಂಗಾದ ಕೂಡಲೇ ಲಾಡ್ಜಿನ ಸಾಲು ನೆನಪಾಗಿ ಕಟ್ ಮಾಡಿದೆ. ಆಗ ಮೇಷ್ಟ್ರೇ ಹುಡುಕಿಕೊಂಡು ಬಂದರು. ‘ಏನಮ್ಮಾ, ಜೇನುಹುಳ ಕಚ್ಚಿತಾ?’ ಎಂದರು. ನನ್ನ ಮುಖ ನೋಡಿ ಗಾಬರಿಯಾಗಿ, ಪಾಪ, ಅದೇ ಪಟ್ಟಿಯನ್ನು ನನ್ನ ಮುಂದೆ ಹಿಡಿದು ‘ತಗೋ, ಒಂದು ಬಾಯಿಗೆ ಹಾಕ್ಕೋ, ಸರಿಹೋಗುತ್ತೆ’ ಎಂದರು.

ನಿನಗೆ ಗೊತ್ತಲ್ಲ, ಎದುರಿಗೊಬ್ಬರು ನಿಂತರೆ ನನಗೆ ಮಾತು ಹೊರಡುವುದಿಲ್ಲ. ಆದರೆ ಓದುವುದು ಬರುತ್ತದೆ. ಕೈಯಲ್ಲಿ ಹಾಳೆ ಇದ್ದರೆ ಅದು ಯಾರದೋ ಮಾತು, ನಮ್ಮದು ಬರಿಯ ದನಿ. ಪಕ್ಕದಲ್ಲಿದ್ದ ಖಾಲಿ ಹಾಳೆಯೊಂದನ್ನು ಎತ್ತಿಕೊಂಡು ಓದಿದೆ. ‘ನಾನು ಮೊದಲು ನೋವಿನ ಮಾತ್ರೆಗಳಿಗೆ ದಾಸಳಾಗಿದ್ದೆ ಫುಲ್‌ಸ್ಟಾಪ್. ಬಿಟ್ಟು ಮೂರು ವರ್ಷ ಏಳು ತಿಂಗಳಾಯಿತು ಕಾಮಾ ಆದರೆ ಆ ಪಟ್ಟಿಯ ಸದ್ದು ಕೇಳಿದರೆ ಈಗಲೂ ಬೇಕೆನಿಸುತ್ತದೆ ಫುಲ್‌ಸ್ಟಾಪ್.’ ಮೇಷ್ಟ್ರು ನನ್ನತ್ತ ನೋಡಲಿಲ್ಲ. ತಪ್ಪು ಹಿಡಿಯುವಾಗ ಮಾಡುವ ಹಾಗೆ ತಲೆ ತಗ್ಗಿಸಿ, ಕಿವಿಯ ಮೇಲಿನ ಪೆನ್ಸಿಲ್ ಕೈಗೆ ತೆಗೆದುಕೊಂಡು ‘ಹೂಂ, ಮುಂದೆ’ ಎಂದರು. ನಿನ್ನ ಹನ್ನೊಂದು ದಿನಗಳನ್ನೂ ಓದಿದೆ. ಖಾಲಿ ಹಾಳೆ ಎರಡೂ ಬದಿ ಮುಗಿದ ಮೇಲೆ ಅವರು ‘ಹೊಸ ಪ್ಯಾರಾನಾ?’ ಎಂದು ಕೇಳಿದರು. ‘ಇಲ್ಲ ಸಾರ್, ಅಷ್ಟೇ’ ಎಂದೆ. ಗಡಿಯಾರ ನೋಡಿದೆ. ಇಪ್ಪತ್ತೈದು ನಿಮಿಷವಾಗಿತ್ತು. ಅಂಗೈ ಒಣಗಿತ್ತು.

ಮೇಷ್ಟ್ರು ಪೆನ್ಸಿಲನ್ನು ಮತ್ತೆ ಕಿವಿಯ ಮೇಲೆ ಇಟ್ಟುಕೊಂಡರು. ಪಟ್ಟಿ ಹಿಡಿದು ಅಂಗಳದ ಆ ತುದಿಗೆ, ಪುಸ್ತಕ ಹೊಲಿಯುವ ಹೆಂಗಸಿನ ಹತ್ತಿರ ಹೋದರು. ಅವಳ ಯಂತ್ರದ ಗದ್ದಲದಲ್ಲಿ ಉಳಿದ ಎಂಟನ್ನೂ ಒತ್ತಿ ತೆಗೆದು, ತಮ್ಮ ಪೆನ್ಸಿಲ್ ಡಬ್ಬಿಗೆ ಹಾಕಿಕೊಂಡು ಬಂದರು. ಗುರುವಾರವಿಡೀ ಪೆನ್ಸಿಲ್ ಹೊಟ್ಟು ಮೆತ್ತಿದ ಮಾತ್ರೆಯನ್ನೇ ಚೀಪಿದರು. ‘ಸ್ವಲ್ಪ ಮರದ ರುಚಿ. ಗಂಟಲಿಗೇನು ಗೊತ್ತಾಗುತ್ತೆ ಬಿಡು’ ಎಂದರು. ನನಗೆ ನಗು ತಡೆಯಲಾಗಲಿಲ್ಲ. ನಾನು ನಕ್ಕದ್ದು ನೋಡಿ, ‘ನಗೋಕೂ ಬರುತ್ತಾ ನಿಂಗೆ? ಇಷ್ಟು ದಿನ ಮುಚ್ಚಿಟ್ಟಿದ್ದೆ ನೋಡು’ ಎಂದು ಮತ್ತೆ ರಾಣಿಹುಳಕ್ಕೆ ಹೋದರು. ಶುಕ್ರವಾರ ಹೊಸ ಪಟ್ಟಿ ತಂದಾಗಲೂ ಯಂತ್ರದ ಹತ್ತಿರವೇ ಹೋಗಿ ಬಿಡಿಸಿಕೊಂಡು ಬಂದರು. ನನಗೆ ಹೇಳಲೂ ಇಲ್ಲ.

ನಾನು ಗೆದ್ದೆ ಎಂದು ಬರೆಯುವುದಿಲ್ಲ. ನಾಳೆ ಇನ್ನಾವ ಸದ್ದು, ಎಲ್ಲಿಂದ ಬರುತ್ತದೋ ತಿಳಿಯದು. ಆದರೆ ಮೂರೂವರೆ ವರ್ಷ ನಾನೊಬ್ಬಳೇ ಉಸಿರು ಬಿಗಿಹಿಡಿದು ಕಾಯುತ್ತಿದ್ದ ಬಾಗಿಲನ್ನು ಈಗ ಇನ್ನೊಬ್ಬರೂ ಹಿಡಿದುಕೊಂಡಿದ್ದಾರೆ. ಬುಧವಾರದಿಂದ ಭುಜ ಎಷ್ಟು ಹಗುರವಾಗಿದೆಯೆಂದರೆ ಅಮ್ಮ ‘ಎತ್ತರ ಆಗಿದ್ದೀಯೇನೇ?’ ಎಂದಳು.

ಭಾವನವರಿಗೆ ನನ್ನ ನಮಸ್ಕಾರ ಹೇಳು. ಹುಷಾರಾಗಿ ಬಾ, ಕಿಟಕಿಯ ಪಕ್ಕದ ಸೀಟು ಹಿಡಿ, ಕಾಲು ಚಾಚಿಕೋ.

ನಿನ್ನ,
ಪುಸ್ತಕ ಕಡಿಯುವ ಇಲಿ

ತಾ.ಕ.: ಕಾಗದ ಮಡಚುವ ಮೊದಲು ಟೈಲರ್ ಆಂಟಿಯ ಮನೆಗೆ ಹೋಗಿ ಬಂದೆ. ಅವರಿಗೂ ಒಂದು ಖಾಲಿ ಹಾಳೆ ಓದಿದೆ. ಹೊಲಿಗೆ ಮಿಷಿನ್ ನಿಲ್ಲಿಸದೆ ಕೇಳಿಸಿಕೊಂಡರು. ಲಾಡ್ಜು ಬೇಡ, ಮನೆಗೇ ಬಾ. ನಿನ್ನ ನೋವಿನ ಮಾತ್ರೆ ಅವರ ಕಪಾಟಿನಲ್ಲಿ ಬೀಗದೊಳಗಿರುತ್ತದೆ. ಹೊತ್ತುಹೊತ್ತಿಗೆ ಅವರೇ ತಂದು ನಿನ್ನ ಕೈಗೆ ಕೊಡುತ್ತಾರೆ, ನನ್ನ ಕೈಗಲ್ಲ. ಡಾಕ್ಟರ ಚೀಟಿ ನೀನೇ ಓದಿಕೋ. ಎಷ್ಟು ಬರೆದಿದ್ದಾರೋ ಅಷ್ಟನ್ನೂ ತಗೋ. ಅಮ್ಮನ ಬಿಪಿ ಮಾತ್ರೆಯನ್ನು ಮಾತ್ರ ವಾರಕ್ಕಾಗುವಷ್ಟು ಬಿಡಿಸಿ ಒಂದು ಪುಟ್ಟ ಬಾಟಲಿಗೆ ಹಾಕಿಸಿಕೊಂಡು ಬಂದು ಅಡುಗೆಮನೆಯ ಕಿಟಕಿಯಲ್ಲಿಟ್ಟಿದ್ದೇನೆ. ಅಮ್ಮ ಇನ್ನೂ ನೋಡಿಲ್ಲ. ನಾಳೆಯಿಂದ ಅವಳು ಚಪ್ಪಲಿ ಮೆಟ್ಟದೆ, ಮನೆಯೊಳಗೆ ಕೂತು ನೀರು ಕುಡಿಯಲಿ.