ಹ್ಯಾಡ್ಲಾಕ್ ಮನೆಯ ಉಪ್ಪು

ಕ್ಯಾರಿ
೧೨ ಅಕ್ಟೋಬರ್ ೨೦೨೩

ಮುದ್ದು ನಿಧಿ,

ಹೇಗಿದ್ದೀಯೇ? ನೀನು ಫೋನಿಟ್ಟು ಎರಡು ವಾರವಾದ ಮೇಲೆ ಬರೆಯುತ್ತಿದ್ದೇನೆ, ಬೈದುಕೊಳ್ಳಬೇಡ. ಎರಡು ಸಲ ಬರೆದು ಹರಿದೆ. ಅಳುತ್ತಿದ್ದ ನಿನ್ನನ್ನು ಭಾನುವಾರದ ಕನ್ನಡ ಕ್ಲಾಸಿಗೆ ದರದರ ಎಳೆದುಕೊಂಡು ಹೋಗುತ್ತಿದ್ದೆನಲ್ಲ, ಈಗ ಉಪಯೋಗಕ್ಕೆ ಬಂತು ನೋಡು. ಇದನ್ನೆಲ್ಲ ಇಂಗ್ಲಿಷಿನಲ್ಲಿ ಬರೆಯಲು ನನ್ನಿಂದಾಗದು.

ಅಪ್ಪನ ಶುಗರ್ ಹತೋಟಿಯಲ್ಲಿದೆ, ಸಿಟ್ಟು ಮಾತ್ರ ಇಲ್ಲ. ನಿನಗೆ ವಾಷಿಂಗ್ಟನ್ನಿನಲ್ಲಿ ಸೆನೆಟರ್ ಹ್ಯಾಡ್ಲಾಕರ ಮೊಮ್ಮಗಳ, ಈಗ ತಾನೂ ಸಂಸದೆಯಾಗಿರುವವಳ, ಕಚೇರಿಯಲ್ಲಿ ಕೆಲಸ ಸಿಕ್ಕಿದೆ ಎಂದಾಗಿನಿಂದ ಒಂದೇ ರಾಗ. “ಆ ಮನೆ ಉಪ್ಪು ತಿಂದ್ರೆ ಈ ಮನೆ ಹೊಸಿಲು ತುಳೀಬೇಡ ಅಂತ ಹೇಳು. ಮೂರು ತಲೆಮಾರಿನ ದೊಡ್ಡ ಮನೆತನವಂತೆ! ನಮ್ಮಮ್ಮ ಸಾಯೋವಾಗ ಒಂದು ಪೇಪರ್ ಕೊಡಿಸೋಕೆ ಆಗ್ಲಿಲ್ಲ.” ನೀನೋ, “ಇಟ್ಸ್ ಫೈನ್ ಅಮ್ಮಾ, ಬೇರೆ ಜಾಬ್ ಸಿಗತ್ತೆ” ಅಂದುಬಿಟ್ಟೆ.

ಹಳೇ ಕಥೆ ನಿನಗೆ ಗೊತ್ತು. ಇಪ್ಪತ್ತೈದು ವರ್ಷದ ಹಿಂದೆ ನಮ್ಮ ಗ್ರೀನ್ ಕಾರ್ಡ್ ಅರ್ಜಿ ಅರ್ಧದಲ್ಲಿತ್ತು. ಇಲ್ಲಿನ ಸರ್ಕಾರದ ಪ್ರಯಾಣಪತ್ರವಿಲ್ಲದೆ ಹೊರಟರೆ ವಾಪಸು ಬರುವಂತಿರಲಿಲ್ಲ. ಮೈಸೂರಿನಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದರು. ಆ ಪತ್ರ ಬೇಗ ಕೊಡಿಸಿ ಎಂದು ಅಪ್ಪ ಸೆನೆಟರ್ ಹ್ಯಾಡ್ಲಾಕರ ಕಚೇರಿಗೆ ಮೊರೆಯಿಟ್ಟರು. ಪತ್ರ ಕೈಸೇರುವಷ್ಟರಲ್ಲಿ ಅಜ್ಜಿ ಹೋಗಿಬಿಟ್ಟಿದ್ದರು.

ಹೋದ ಶನಿವಾರ ಪಕ್ಕದೂರು ರಾಲಿಯ ಲೈಬ್ರರಿಯಲ್ಲಿ ತೀರಿಹೋದ ಸೆನೆಟರರ ಕಾಗದಪತ್ರಗಳ ಪ್ರದರ್ಶನವಿತ್ತು. ಅಪ್ಪನಿಗೆ ಹೇಳದೆ ಹೋಗಿದ್ದೆ. ಅಲ್ಲಿ ಡೋರಿಸ್ ಸಿಕ್ಕಳು. ಆಗ ಸೆನೆಟರರ ಕಚೇರಿಯಲ್ಲಿ ನಮ್ಮ ಅರ್ಜಿ ನೋಡಿಕೊಂಡವಳು, ಈಗ ಕೋಲೂರಿಕೊಂಡು ನಡೆಯುತ್ತಾಳೆ. ನನ್ನ ಹೆಸರು ಹೇಳಿದೆ, ತಕ್ಷಣ ಗುರುತಿಸಿದಳು. ನಮ್ಮ ಪತ್ರಕ್ಕಾಗಿ ಸೆನೆಟರ್ ತಾವೇ ಮೂರು ಸಲ ಫೋನ್ ಮಾಡಿದ್ದರಂತೆ. “ನಿನ್ನ ಗಂಡ ತಾಯಿಯನ್ನು ನೋಡಿದರಾ?” ಎಂದು ಕೇಳಿದಳು. ಹೌದು ಎಂದುಬಿಟ್ಟೆ. ಅವಳು ನನ್ನ ಕೈ ಹಿಡಿದುಕೊಂಡು ಅತ್ತಳು ಕಣೇ. ಪಾರ್ಕಿಂಗ್ ಲಾಟಿಗೆ ಬಂದು ಕಾರಿನಲ್ಲಿ ಅರ್ಧ ಗಂಟೆ ಕೂತಿದ್ದೆ.

ನಮ್ಮಂಥವರ ಅರ್ಜಿ ನೋಡುವ ಕೆಲಸ ಅದು. ಸೇರಿಕೋ. ಅಪ್ಪನ ಮಾತಿಗೆ ಕಟ್ಟುಬಿದ್ದು ಬಿಡಬೇಡ. ತಿಂಗಳ ಕೊನೆಯೊಳಗೆ ಹೂಂ ಅಂತ ಬರೆದುಕೊಡು. ಹೊತ್ತಿಗೆ ಸರಿಯಾಗಿ ಊಟ ಮಾಡು. ಬರೀ ಸೀರಿಯಲ್ ತಿಂದು ಮಲಗಬೇಡ. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ಶ್ರೀಲತಾ

ತಾ.ಕ.: ಆ ಪ್ರಯಾಣಪತ್ರ ತಡವಾಗಿ ಬರಲಿಲ್ಲ, ನಿಧಿ. ಡೋರಿಸ್ ಸೋಮವಾರವೇ ಫೋನ್ ಮಾಡಿ, “ಸಿದ್ಧವಾಗಿದೆ, ಬಂದು ತೆಗೆದುಕೊಂಡು ಹೋಗಿ” ಎಂದಿದ್ದಳು. ಫೋನ್ ಎತ್ತಿದವಳು ನಾನು. ಆಗ ನೀನು ಹೊಟ್ಟೆಯಲ್ಲಿದ್ದೆ, ಏಳು ತಿಂಗಳು. ನಿನಗಿಂತ ಮುಂಚೆ ಎರಡು ಹೋಗಿದ್ದವು. “ಬಸುರಿಯ ಗಂಡ ಸಮುದ್ರ ದಾಟಬಾರದು ಕಣೇ, ಮಗು ಉಳಿಯಲ್ಲ” ಎಂದು ನಮ್ಮಮ್ಮ ಊರಿಂದ ಹೇಳಿದ್ದಳು. ನಂಬಿದೆ. ಅಜ್ಜಿ ಬುಧವಾರ ತೀರಿಕೊಂಡರು. ಪತ್ರ ಬಂದಿದೆ ಎಂದು ಅಪ್ಪನಿಗೆ ನಾನು ಹೇಳಿದ್ದು ಗುರುವಾರ. ಇಪ್ಪತ್ತೈದು ವರ್ಷ ಅವರು ಆ ಮನೆಯವರನ್ನು ಬೈದರು, ನಾನು ಪಕ್ಕದಲ್ಲಿ ಕೂತು ಕೇಳಿದೆ.

ಇಷ್ಟು ಬರೆದ ದಿನವೇ, ಅಂಚೆಗೆ ಹಾಕುವ ಮುಂಚೆ, ಅಪ್ಪನಿಗೆ ಓದಿ ಹೇಳಿದೆ. “ಕಳಿಸು. ಅವಳು ಕೆಲಸಕ್ಕೆ ಸೇರ್ಲಿ” ಎಂದರು. ನನ್ನ ಜೊತೆ ಮಾತು ಬಿಟ್ಟು ಇವತ್ತಿಗೆ ಮೂರು ದಿನ.